ಟೈರು ಹೇಳಿದ ಲೆಕ್ಕ

ಸೈನ್ಯಕ್ಕೆ ಅನ್ನ, ಮದ್ದುಗುಂಡು ಸಾಗಿಸುವುದು ಲಾರಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಎಷ್ಟು ಲಾರಿ, ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಎಂಬುದು ಮಿತ್ರರಾಷ್ಟ್ರಗಳಿಗೆ ಒಗಟಾಗಿತ್ತು. ಗೂಢಚಾರರ ವರದಿ ನಂಬಿದರೆ ಎದೆ ನಡುಗಬೇಕು!

1943ರಲ್ಲಿ ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಯ ಅರ್ಥಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಕೈಗೆ ಸಿಕ್ಕ ಶತ್ರು ವಾಹನಗಳ ಟೈರುಗಳ ಮೇಲಿನ ಸಂಖ್ಯೆಗಳನ್ನು ಬರೆದುಕೊಂಡರು. ಆಮೇಲೆ ಲಾರಿ, ಟ್ಯಾಂಕುಗಳ ಕ್ರಮಸಂಖ್ಯೆಗಳನ್ನೂ.

ತರ್ಕ ಹೈಸ್ಕೂಲು ಮಕ್ಕಳಿಗೂ ಎಟುಕುವಂಥದು. 1ರಿಂದ ಸಾಲಾಗಿ ಸಂಖ್ಯೆ ಹಾಕಿದ ಲಾರಿಗಳಲ್ಲಿ 19, 40, 42, 60 ಈ ನಾಲ್ಕು ಸಿಕ್ಕವೆನ್ನಿ. 60ರವರೆಗೆ ಕಣ್ಣಿಗೆ ಬೀಳದವು 56. ಅಂದರೆ ಸಿಕ್ಕ ಒಂದೊಂದು ಲಾರಿಯ ಹಿಂದೆ ಸರಾಸರಿ 14 ಅಡಗಿವೆ. 60ರ ಆಚೆಗೂ ಅಷ್ಟೇ ಇರಬಹುದೆಂದು ಕೂಡಿಸಿದರೆ ಒಟ್ಟು 74.

ಕಾರ್ಖಾನೆಗಳು ಯಾವಾಗಲೂ ಇಷ್ಟು ಶಿಸ್ತಾಗಿ ಸಂಖ್ಯೆ ಹಾಕುವುದಿಲ್ಲ, ನಿಜ. ಟ್ಯಾಂಕಿನ ವಿಷಯದಲ್ಲಿ ಕೈಹಿಡಿದದ್ದು ಗೇರ್‌ಬಾಕ್ಸ್. ಅದರ ಸಂಖ್ಯೆಗಳು ಎಲ್ಲೂ ತುಂಡಾಗದ ಎರಡು ಸಾಲುಗಳಲ್ಲಿದ್ದವು.

ಯುದ್ಧ ಮುಗಿದ ಮೇಲೆ ಜರ್ಮನ್ ಕಡತಗಳು ಸಿಕ್ಕವು. 1942ರ ಆಗಸ್ಟ್ ತಿಂಗಳ ಟ್ಯಾಂಕ್ ಉತ್ಪಾದನೆಯನ್ನೇ ನೋಡಿ. ಗೂಢಚಾರರ ಅಂದಾಜು 1,550. ಕ್ರಮಸಂಖ್ಯೆಗಳಿಂದ ಬಂದ ಅಂದಾಜು 327. ಕಡತದಲ್ಲಿದ್ದದ್ದು 342.