ಕ್ಷೇತ್ರಕಾರ್ಯದಲ್ಲಿ ದಣಿದ ಧ್ವನಿ: ಧ್ವನಿಮಡಿಕೆಗಳ ಆರೈಕೆಯ ಕುರಿತು

ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾವು ಅಲ್ಪಪ್ರಾಣ–ಮಹಾಪ್ರಾಣ ವ್ಯತ್ಯಾಸವನ್ನು ಕುರಿತ ಧ್ವನಿಮುದ್ರಣ ನಡೆಸುತ್ತಿದ್ದಾಗ ಮೂರನೆಯ ದಿನದ ದತ್ತಾಂಶವು ನಮ್ಮನ್ನು ದಾರಿ ತಪ್ಪಿಸಿತು. ಮಾಹಿತಿ ನೀಡುತ್ತಿದ್ದವರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಅಧ್ಯಾಪಕಿ. ಓದುಮಾತಿನಲ್ಲಿ ಮಹಾಪ್ರಾಣವನ್ನು ಬಿಡದೆ ಉಚ್ಚರಿಸುತ್ತಾರೆಂಬ ಕಾರಣಕ್ಕೇ ಅವರನ್ನು ಆರಿಸಿಕೊಂಡಿದ್ದೆವು. ಪದಪಟ್ಟಿಯನ್ನು ಹೆಚ್ಚು ಯೋಚಿಸದೆ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ್ದೆವು. ಹೀಗಾಗಿ ಕವರ್ಗ ಮೊದಲ ದಿನಕ್ಕೂ ಪವರ್ಗ ಕೊನೆಯ ದಿನಕ್ಕೂ ಬಂದವು. ಗ–ಘಗಳ ನಂತರದ ಸ್ವರಗಳು ಸ್ಪಷ್ಟವಾಗಿ ಬೇರೆಬೇರೆಯಾಗಿದ್ದವು. ಬ–ಭಗಳ ನಂತರದ ಸ್ವರಗಳಾದರೋ ಎರಡೂ ಒಂದೇ ಪ್ರಮಾಣದಲ್ಲಿ ಉಸಿರುಗೂಡಿದ್ದವು. ಓಷ್ಠ್ಯಸ್ಥಾನದಲ್ಲಿ ವ್ಯತ್ಯಾಸ ಲುಪ್ತವಾಗುತ್ತಿದೆ ಎಂದು ಲೇಖನದ ಕರಡಿನಲ್ಲಿ ಬರೆದೂ ಆಗಿತ್ತು. ಕತ್ತರಿಸದ ಮೂಲ ಕಡತವನ್ನು ಮತ್ತೊಮ್ಮೆ ಕೇಳಿದಾಗ, ಪಟ್ಟಿ ಆರಂಭಿಸುವ ಮುನ್ನ ಅವರು ಆಡಿದ್ದ ಮಾತು ಕಿವಿಗೆ ಬಿತ್ತು: "ಗಂಟ್ಲ ಕುಂತೈತ್ರಿ. ನಡೀತೈತಿ ಬಿಡ್ರಿ, ನೀವು ಶುರು ಮಾಡ್ರಿ." ದತ್ತಾಂಶವಲ್ಲವೆಂದು ನಾವು ಕತ್ತರಿಸಿ ಬದಿಗಿಟ್ಟಿದ್ದ ಭಾಗವದು.

ಆ ಒಂದು ಮಾತು ಎರಡು ಪ್ರಶ್ನೆಗಳನ್ನು ಎತ್ತಿತು. ಭಾಷೆಯ ಲಕ್ಷಣವನ್ನೂ ಬಾತುಕೊಂಡ ಅಂಗಾಂಶದ ಲಕ್ಷಣವನ್ನೂ ಬೇರ್ಪಡಿಸುವುದು ಹೇಗೆ ಎಂಬುದು ಮೊದಲನೆಯದು. ನಮ್ಮ ಪಟ್ಟಿಗಾಗಿ ಇನ್ನೊಬ್ಬರ ಗಂಟಲನ್ನು ದಣಿಸುವ ಮುನ್ನ ನಾವು ಏನನ್ನು ತಿಳಿದಿರಬೇಕು ಎಂಬುದು ಎರಡನೆಯದು. ಈ ಲೇಖನ ಮುಖ್ಯವಾಗಿ ಎರಡನೆಯದನ್ನು ಕುರಿತದ್ದು. ಅದಕ್ಕೆ ಉತ್ತರ ದೊರೆತರೆ ಮೊದಲನೆಯದು ಬಹುಮಟ್ಟಿಗೆ ಸುಲಭವಾಗುತ್ತದೆ.

ಪರಿಭಾಷೆಯಿಂದಲೇ ಆರಂಭಿಸುವುದು ಒಳಿತು, ಏಕೆಂದರೆ ಇಲ್ಲಿ ಹೆಸರೇ ತಪ್ಪು ಕಲ್ಪನೆಯನ್ನು ಬೆಳೆಸಿದೆ. ಫ್ರೆಂಚ್ ಅಂಗರಚನಾತಜ್ಞ ಆಂತ್ವಾನ್ ಫೆರೆಯ್ನ್ 1741ರಲ್ಲಿ ಈ ಅಂಗವನ್ನು ತಂತಿವಾದ್ಯದ ತಂತಿಗೆ ಹೋಲಿಸಿ, ಉಸಿರನ್ನು ಕಮಾನಿನ ಸ್ಥಾನದಲ್ಲಿಟ್ಟು ವಿವರಿಸಿದನು. ಕನ್ನಡದ 'ಧ್ವನಿತಂತು' ಆ ರೂಪಕದ ದೂರದ ಸಂತಾನ. ತಂತಿಯಾದರೆ ಸಡಿಲವಾಗುತ್ತದೆ, ಬಿಗಿ ಮಾಡಬಹುದು, ಎಣ್ಣೆ ಸವರಬಹುದು, ಕಡಿದುಹೋಗಬಹುದು. ನಿಜವಾಗಿ ಅಲ್ಲಿರುವುದು ಎರಡು ಮಡಿಕೆಗಳು. ಅವು ಉಸಿರಿನ ಒತ್ತಡದಿಂದ ತೆರೆದು, ತಮ್ಮ ಸ್ಥಿತಿಸ್ಥಾಪಕತ್ವದಿಂದಲೂ ಗಾಳಿಯ ಹರಿವಿನ ಬಲದಿಂದಲೂ ಮತ್ತೆ ಕೂಡುತ್ತವೆಂಬ ವಿವರಣೆಯನ್ನು ಫಾನ್ ಡೆನ್ ಬರ್ಗ್ 1958ರಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ಮಿನೋರು ಹಿರಾನೊ 1974ರಲ್ಲಿ ಆ ಮಡಿಕೆಯನ್ನು ಹೊದಿಕೆ ಮತ್ತು ಒಡಲು ಎಂದು ವಿಭಜಿಸಿದರು: ಒಳಗೆ ಸ್ನಾಯು, ಮೇಲೆ ಜಿಗುಟಾದ, ಸುಲಭವಾಗಿ ಅಲೆಯುವ ಮೃದು ಪದರ. ಧ್ವನಿಯ ಸೊಗಸೂ ಅದರ ಸಂಕಟವೂ ಬಹುಪಾಲು ಈ ಹೊದಿಕೆಗೆ ಸೇರಿದವು. ಆದಕಾರಣ ಮುಂದೆ ನಾವು 'ಧ್ವನಿಮಡಿಕೆ' ಎಂಬ ಪದವನ್ನೇ ಬಳಸುತ್ತೇವೆ.

ಆಡುಮಾತು ಈ ವಿಷಯದಲ್ಲಿ ಪರಿಭಾಷೆಗಿಂತ ಸೂಕ್ಷ್ಮ. ಗಂಟಲು ಕಟ್ಟುತ್ತದೆ, ಕೂರುತ್ತದೆ. ದನಿ ಬೀಳುತ್ತದೆ, ಒಡೆಯುತ್ತದೆ, ಗೊಗ್ಗರಾಗುತ್ತದೆ. ಇವು ಸಮಾನಾರ್ಥಕಗಳಲ್ಲ. ನಾವು ಕೇಳಿರುವ ಮಟ್ಟಿಗೆ, 'ಕಟ್ಟಿದೆ' ಎನ್ನುವವರು ಹೆಚ್ಚಾಗಿ ಕಫವನ್ನೂ ಬಿಗಿತವನ್ನೂ, 'ಕೂತಿದೆ' ಎನ್ನುವವರು ಬಳಕೆಯಿಂದ ಬಂದ ದಣಿವನ್ನೂ ಸೂಚಿಸುತ್ತಾರೆ. 'ಒಡೆಯಿತು' ಎಂಬುದು ಹದಿಹರೆಯದ ಹುಡುಗರ ಮಾತಿಗೆ ಮೀಸಲು. ಮಾಹಿತಿದಾರರನ್ನು ವಿಚಾರಿಸುವಾಗ ಈ ಕ್ರಿಯಾಪದಗಳಿಗೆ ಕಿವಿಗೊಡಬೇಕು.

ದಣಿವು ಹೇಗೆ ಬರುತ್ತದೆಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ಮೂಲ ಆವರ್ತನ 200 ಹರ್ಟ್ಸ್ ಇರುವ ಧ್ವನಿಯಲ್ಲಿ ಮಡಿಕೆಗಳು ಸೆಕೆಂಡಿಗೆ 200 ಬಾರಿ ಕೂಡುತ್ತವೆ. ಹತ್ತು ನಿಮಿಷಗಳ ಘೋಷದಲ್ಲಿ 1,20,000 ಬಾರಿ. ಮೆಲುಮಾತಿನಲ್ಲಿ ಇದು ಸವರಿದಂತೆ, ಕೂಗಿನಲ್ಲಿ ಅಪ್ಪಳಿಸಿದಂತೆ. ಸುತ್ತಲಿನ ಸದ್ದು ಏರಿದಂತೆ ಮಾತನಾಡುವವರು ತಮಗರಿವಿಲ್ಲದೆಯೇ ದನಿ ಏರಿಸುತ್ತಾರೆಂಬುದನ್ನು ಎತಿಯೆನ್ ಲೊಂಬಾರ್ 1911ರಲ್ಲಿಯೇ ಗುರುತಿಸಿದ್ದನು. ಸದ್ದು ಮಾಡುವ ಫ್ಯಾನಿನ ಕೆಳಗೆ ಅರವತ್ತು ಮಕ್ಕಳಿಗೆ ಪಾಠ ಹೇಳುವವರ ಕತೆ ಇದೇ. ಪೆಟ್ಟು ಹೆಚ್ಚಾದಾಗ ಹೊದಿಕೆಯಲ್ಲಿ ದ್ರವ ಸೇರಿ ಬಾವು ಬರುತ್ತದೆ. ಮಡಿಕೆ ಭಾರವಾಗುವುದರಿಂದ ಸ್ಥಾಯಿ ಇಳಿಯುತ್ತದೆ. ಪೂರ್ತಿ ಮುಚ್ಚಿಕೊಳ್ಳದ ಸಂದಿನಿಂದ ಉಸಿರು ಸೋರುತ್ತದೆ. ನಮ್ಮ ಮಾಹಿತಿದಾರರ ಬಕಾರವು ಭಕಾರದಂತೆ ಕಂಡದ್ದು ಹೀಗೆ: ಮೊದಲ ಮತ್ತು ಎರಡನೆಯ ಹಾರ್ಮೋನಿಕ್‌ಗಳ ವೈಶಾಲ್ಯಗಳ ಅಂತರವು ಎಲ್ಲ ಸ್ವರಗಳಲ್ಲೂ ಒಟ್ಟಿಗೆ ಏರಿತ್ತು.

ಇದೇ ಪೆಟ್ಟು ತಿಂಗಳುಗಟ್ಟಲೆ ಮುಂದುವರಿದರೆ ಗಂಟುಗಳು ಮೂಡಬಹುದು. ಅವು ಸಾಮಾನ್ಯವಾಗಿ ಎರಡೂ ಮಡಿಕೆಗಳಲ್ಲಿ ಎದುರುಬದುರಾಗಿ, ಮುಂಭಾಗದ ಮೂರನೆಯ ಒಂದು ಅಂಶ ಮುಗಿಯುವಲ್ಲಿ, ಎಂದರೆ ಕಂಪನದ ವಿಸ್ತಾರ ಗರಿಷ್ಠವಾಗಿರುವಲ್ಲಿ, ಕಾಣಿಸಿಕೊಳ್ಳುತ್ತವೆ. ಇವುಗಳಿಗೆ ಮೊದಲ ಚಿಕಿತ್ಸೆ ಧ್ವನಿಚಿಕಿತ್ಸೆಯೇ ಹೊರತು ಶಸ್ತ್ರವಲ್ಲ. ಒಂದೇ ಬಾರಿಯ ಕಿರುಚಾಟದಿಂದ ಚಿಕ್ಕ ರಕ್ತನಾಳ ಒಡೆದು ದನಿ ಥಟ್ಟನೆ ನಿಂತುಹೋದರೆ ಅದು ಬೇರೆಯೇ ಸಂಗತಿ. ಅಂಥವರು ಆ ಕ್ಷಣದಿಂದಲೇ ಪೂರ್ಣ ಮೌನದಲ್ಲಿದ್ದು ತಡಮಾಡದೆ ವೈದ್ಯರನ್ನು ಕಾಣಬೇಕು.

ಆರೈಕೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಸಲಹೆಗಳಿಗೆ ಬರವಿಲ್ಲ. ಆಯುರ್ವೇದವು 'ಸ್ವರಭೇದ' ಎಂಬ ಹೆಸರಿನಲ್ಲಿ ಇದನ್ನು ಪ್ರತ್ಯೇಕ ವ್ಯಾಧಿಯಾಗಿ ಪರಿಗಣಿಸಿದೆ. ಜ್ಯೇಷ್ಠಮಧುವಿನ ತುಂಡನ್ನು ದವಡೆಯಲ್ಲಿಟ್ಟುಕೊಳ್ಳದ ಹರಿದಾಸರು ವಿರಳ. ಅದು ಗಂಟಲಿಗೆ ಹಿತ ನೀಡುವುದು ನಿಜ, ಆದರೆ ದೀರ್ಘಕಾಲ ಸೇವಿಸಿದರೆ ರಕ್ತದೊತ್ತಡ ಏರಿಸಬಲ್ಲದು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಗಂಟಲಿನ ಹಿಂಭಾಗಕ್ಕೆ ಆರಾಮ. ಆ ನೀರು ಧ್ವನಿಮಡಿಕೆಯನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕೆಮ್ಮು ಉಕ್ಕುತ್ತದೆ. ಕುಡಿದ ನೀರೂ ಅನ್ನನಾಳದ ಹಾದಿಯನ್ನೇ ಹಿಡಿಯುತ್ತದೆ. ಅದರ ಪ್ರಯೋಜನ ದೇಹದ ಮೂಲಕ, ನಿಧಾನವಾಗಿ. ಧ್ವನಿಮುದ್ರಣಕ್ಕೆ ಕುಳಿತ ಮೇಲೆ ಲೋಟ ನೀಡುವುದು ಸೌಜನ್ಯ. ಮುನ್ನಾದಿನದಿಂದ ನೀರು ಕುಡಿಯಿರೆಂದು ಹೇಳುವುದು ಆರೈಕೆ. ಮಡಿಕೆಯ ಮೇಲ್ಮೈಯನ್ನು ನೇರವಾಗಿ ತಲುಪುವುದು ಹಬೆ ಮಾತ್ರ. ಅದೂ ಸುಡದಷ್ಟು ಬಿಸಿಯಿರಲಿ. ನೋವು ಮರೆಸುವ ಗುಳಿಗೆಗಳನ್ನು ಚೀಪಿ ಮಾತು ಮುಂದುವರಿಸುವುದು ಅಪಾಯಕರ, ಏಕೆಂದರೆ ನಿಲ್ಲಿಸು ಎನ್ನುವ ಸೂಚನೆಯನ್ನೇ ಅವು ಅಳಿಸಿಹಾಕುತ್ತವೆ.

ದನಿ ಕೂತಾಗ ಪಿಸುಮಾತು ಸುರಕ್ಷಿತವೆಂಬ ನಂಬಿಕೆ ವ್ಯಾಪಕವಾಗಿದೆ. ಪಿಸುಮಾತಿನಲ್ಲಿ ಮಡಿಕೆಗಳು ಕಂಪಿಸವಾದರೂ ಅನೇಕರಲ್ಲಿ ಅವುಗಳ ಮೇಲಿನ ಭಾಗಗಳು ಹಿಂಡಿದಂತೆ ಬಿಗಿಯುತ್ತವೆ. ಎಲ್ಲರಲ್ಲೂ ಹಾಗಾಗುವುದಿಲ್ಲ, ಆದರೆ ಯಾರಲ್ಲಿ ಆಗುತ್ತದೆಂದು ಹೊರಗಿನಿಂದ ತಿಳಿಯದು. ಕಡಿಮೆ ಮಾತು, ಮೆಲುದನಿ, ಹತ್ತಿರ ಕುಳಿತ ಕೇಳುಗ, ಇವು ಹೆಚ್ಚು ಭರವಸೆಯ ಮಾರ್ಗಗಳು. ಪದೇಪದೇ ಖ್ಯಾಕರಿಸುವುದೂ ಪೆಟ್ಟೇ. ಅದರ ಬದಲು ಒಂದು ಗುಟುಕು ನೀರು ನುಂಗುವುದು ಲೇಸು.

ನಮ್ಮ ಶಾಸ್ತ್ರಕ್ಕೆ ಅತ್ಯಂತ ಸಮೀಪದ ಆರೈಕೆಯೆಂದರೆ ಬಾಯಿಯನ್ನು ಅರೆ ಮುಚ್ಚಿ ಘೋಷ ಹೊರಡಿಸುವ ಅಭ್ಯಾಸ. ಇಂಗೊ ಟಿಟ್ಸೆ ಇದರ ಭೌತಿಕ ವಿವರಣೆಯನ್ನು ಬೆಳೆಸಿದರು. ತೆಳುವಾದ ಸ್ಟ್ರಾ ಮೂಲಕ ಸದ್ದು ಹೊರಡಿಸುವುದು, ತುಟಿಗಳನ್ನು ಕಂಪಿಸುವುದು, ವಕಾರವನ್ನು ಘರ್ಷವಾಗಿ ಎಳೆಯುವುದು, ಮಕಾರವನ್ನು ಗುಂಯ್‌ಗುಡಿಸುವುದು ಇವೆಲ್ಲ ಒಂದೇ ಕುಟುಂಬದವು. ಮುಂಭಾಗದಲ್ಲಿ ದಾರಿ ಕಿರಿದಾದಾಗ ಒಳಗಿನ ಒತ್ತಡ ಏರಿ, ಮಡಿಕೆಗಳು ಗಟ್ಟಿಯಾಗಿ ಬಡಿದುಕೊಳ್ಳದೆಯೇ ಕಂಪಿಸಬಲ್ಲವು. ಉಚ್ಚಾರಣಾ ಸ್ಥಾನದ ಬದಲಾವಣೆ ಘೋಷದ ಮೂಲದ ಮೇಲೆಯೇ ಪ್ರಭಾವ ಬೀರುವ ಉದಾಹರಣೆಯೆಂದು ಇದನ್ನು ಸಂಶೋಧನ ವಿದ್ಯಾರ್ಥಿಗಳಿಗೆ ತರಗತಿಯಲ್ಲೇ ತೋರಿಸಬಹುದು; ಪಾಠವೂ ಆಯಿತು, ಅಧ್ಯಾಪಕರ ಗಂಟಲಿಗೆ ಉಪಚಾರವೂ ಆಯಿತು.

ಮನೆಯ ಆರೈಕೆಗೆ ಒಂದು ಗಡಿ ಇದೆ. ಅಮೆರಿಕದ ಕಿವಿ–ಮೂಗು–ಗಂಟಲು ತಜ್ಞರ ಅಕಾಡೆಮಿಯು 2009ರ ಮಾರ್ಗಸೂಚಿಯಲ್ಲಿ ಗೊಗ್ಗರು ದನಿಗೆ ಮೂರು ತಿಂಗಳವರೆಗೆ ಕಾಯಲು ಆಸ್ಪದವಿತ್ತು. 2018ರಲ್ಲಿ ಅದನ್ನು ನಾಲ್ಕು ವಾರಗಳಿಗೆ ಇಳಿಸಿತು. ಅಷ್ಟರಲ್ಲಿ ಸುಧಾರಿಸದಿದ್ದರೆ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಿಸಬೇಕು. ನೋಡುವ ಮುನ್ನವೇ ವಾಡಿಕೆಯಂತೆ ಪ್ರತಿಜೀವಕವನ್ನೋ ಸ್ಟೆರಾಯ್ಡನ್ನೋ ಬರೆಯಬಾರದೆಂಬುದೂ ಅದರ ಸೂಚನೆ. ಧೂಮಪಾನಿಗಳು, ಕುತ್ತಿಗೆಯಲ್ಲಿ ಗಂಟು ಕಂಡವರು, ಉಸಿರಾಟಕ್ಕೋ ನುಂಗುವುದಕ್ಕೋ ತೊಡಕಾದವರು, ಕೆಮ್ಮಿದಾಗ ರಕ್ತ ಕಂಡವರು ನಾಲ್ಕು ವಾರ ಕಾಯಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ನೆರೆಹೊರೆಯವು. ಆದರೂ ಭಾಷಾವಿಜ್ಞಾನಿಗಳಾದ ನಾವು ಎರಡನೆಯ ಸಂಸ್ಥೆಗೆ ಹೋಗುವುದು ಗ್ರಂಥಾಲಯಕ್ಕಾಗಿಯೇ ಹೊರತು ಗಂಟಲಿಗಾಗಿ ಅಲ್ಲ.

ಇನ್ನು ಧ್ವನಿಮುದ್ರಣದ ಕ್ರಮ. ವರ್ಣಮಾಲೆಯ ಕ್ರಮವನ್ನು ಕೈಬಿಟ್ಟು ಪಟ್ಟಿಯನ್ನು ಕಲಸಬೇಕು. ಇಲ್ಲವಾದರೆ ದಣಿವು ಯಾವುದೋ ಒಂದು ವರ್ಗದ ತಲೆಗೆ ಕಟ್ಟಿಕೊಳ್ಳುತ್ತದೆ. ಪ್ರತಿ ಬೈಠಕ್ಕಿನ ಆರಂಭದಲ್ಲೂ ಅಂತ್ಯದಲ್ಲೂ 'ಆ' ಸ್ವರವನ್ನು ಕೆಲವು ಸೆಕೆಂಡು ಎಳೆಸಿ ಮುದ್ರಿಸಿಕೊಂಡರೆ ಅಂದಿನ ಗಂಟಲಿನ ಸ್ಥಿತಿಗೆ ಸಾಕ್ಷಿ ಉಳಿಯುತ್ತದೆ. ಆ ಸ್ವರಕ್ಕೆ ಪ್ರಾಟ್ ನೀಡುವ ಜಿಟರ್, ಶಿಮ್ಮರ್ ಅಂಕಿಗಳನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಬಹುತೇಕ ಆವರ್ತಕವಾದ ಸಂಕೇತಕ್ಕಷ್ಟೇ ಅವು ಅರ್ಥಪೂರ್ಣವೆಂದು ಟಿಟ್ಸೆ 1995ರಲ್ಲಿ ಎಚ್ಚರಿಸಿದ್ದಾರೆ. ದನಿ ಕೆಟ್ಟಷ್ಟೂ ಆವರ್ತನೆಯ ಗಡಿಗಳನ್ನೇ ತಂತ್ರಾಂಶ ತಪ್ಪಾಗಿ ಗುರುತಿಸುತ್ತದೆ. ಅಂಥಲ್ಲಿ ತರಬೇತಿ ಪಡೆದ ಕಿವಿಯೇ ಮೇಲು. ಬೈಠಕ್ಕನ್ನು ನಾವೀಗ ನಲವತ್ತು ನಿಮಿಷಕ್ಕೆ ನಿಲ್ಲಿಸುತ್ತೇವೆ. ಇದಕ್ಕೆ ಪ್ರಯೋಗದ ಆಧಾರವಿದೆಯೆಂದು ಹೇಳಲಾರೆವು. ಆ ಹೊತ್ತಿಗೆ ಮನೆಯವರು ಚಹಾ ತರುತ್ತಾರೆಂಬುದು ನಮ್ಮ ಅನುಭವ.

ಒಪ್ಪಿಗೆಪತ್ರದ ವಿಷಯ ಇದಕ್ಕಿಂತ ಗಂಭೀರವಾದುದು. ನಮ್ಮ ಪತ್ರದಲ್ಲಿ ಗೋಪ್ಯತೆ, ಸಂಭಾವನೆ, ಹಕ್ಕುಸ್ವಾಮ್ಯ ಎಲ್ಲವೂ ಇದ್ದವು, ಗಂಟಲಿನ ಮಾತಿರಲಿಲ್ಲ. ಸಾಕೆನಿಸಿದಾಗ ನಿಲ್ಲಿಸಬಹುದೆಂಬ ಸಾಲು ಇತ್ತಾದರೂ, ಮನೆಗೆ ಬಂದ ಅತಿಥಿಗಳ ಮುಂದೆ ಸಾಕು ಎನ್ನುವ ಪದ್ಧತಿ ಆ ಮನೆಯಲ್ಲಿರಲಿಲ್ಲ. "ನಡೀತೈತಿ ಬಿಡ್ರಿ" ಎಂಬುದನ್ನು ನಾವು ಒಪ್ಪಿಗೆ ಎಂದು ಓದಿದೆವು. ವ್ಯಾವಹಾರಿಕಾರ್ಥವನ್ನು ಪಾಠ ಹೇಳುವವರು ಹಾಗೆ ಓದಬಾರದಿತ್ತು.

ಅವರ ಗಂಟಲು ಎರಡು ವಾರಗಳಲ್ಲಿ ಸರಿಹೋಯಿತು. ಐದನೆಯ ವಾರ ನಾವು ಮತ್ತೆ ಹೋಗಿ ಪವರ್ಗವನ್ನು ಮಾತ್ರ, ಕಲಸಿದ ಕ್ರಮದಲ್ಲಿ, ಇಪ್ಪತ್ತು ನಿಮಿಷ ಮುದ್ರಿಸಿಕೊಂಡೆವು. ಬ–ಭ ವ್ಯತ್ಯಾಸ ಗ–ಘಗಳಷ್ಟೇ ಸ್ಪಷ್ಟವಾಗಿತ್ತು. ಹಳೆಯ ಕಡತವನ್ನು ಅಳಿಸಿಲ್ಲ. ಕತ್ತರಿಸಿದ್ದ ಮಾತನ್ನು ಅದರ ಆರಂಭಕ್ಕೆ ಮರಳಿ ಸೇರಿಸಿ, ವಿವರಪಟ್ಟಿಯಲ್ಲಿ 'ಮಾಹಿತಿದಾರರ ಧ್ವನಿಸ್ಥಿತಿ' ಎಂಬ ಹೊಸ ಅಂಕಣ ತೆರೆದು, ಅವರದೇ ಕ್ರಿಯಾಪದವನ್ನು ಅಲ್ಲಿ ದಾಖಲಿಸಿದ್ದೇವೆ.