20 ಟನ್ ಪ್ರೆಸ್ಸಿಗೆ ಎರಡು ಆ್ಯಂಗಲ್ ಕೂರಿಸಿದರೆ ಬೆಂಡಿಂಗ್ ಮಷೀನ್ ಆಗಿಬಿಡುತ್ತಾ?

"ಲಕ್ಷಗಟ್ಟಲೆ ಬೆಲೆಯ ಮಷೀನ್ ನಿಮ್ಮ ಶೆಡ್ಡಿನಲ್ಲೇ ಮಾಡಿ, ಎಂಥ ಕಬ್ಬಿಣವಾದರೂ ಬಗ್ಗುತ್ತೆ!" ಇಂಥ ಒಕ್ಕಣೆಯ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ನನಗೆ ಕಳಿಸಿದ್ದು ಊರಿನಲ್ಲಿ ಗ್ರಿಲ್, ಗೇಟ್ ಕೆಲಸ ಮಾಡುವ ನನ್ನ ಸೋದರಮಾವ. ಜೊತೆಗೊಂದು ವಾಯ್ಸ್ ಮೆಸೇಜ್: "ನೀನು ಇದನ್ನೇ ತಾನೇ ಬರೆಯೋದು, ನಿಜಾನೋ ಸುಳ್ಳೋ ಹೇಳು. ನಿಜ ಆದ್ರೆ ಈ ವಾರಾನೇ ವೆಲ್ಡಿಂಗ್ ಹಾಕ್ತೀನಿ."

ವಿಡಿಯೋದಲ್ಲಿರುವುದು ಇಷ್ಟು. ಬೇರಿಂಗ್ ಕೂರಿಸಲು, ತೆಗೆಯಲು ಬಳಸುವ ಹೈಡ್ರಾಲಿಕ್ ಪ್ರೆಸ್. ಅದರ ಕೆಳಗೆ ಇಂಗ್ಲಿಷಿನ ವಿ ಅಕ್ಷರದಂತೆ ಅಂಗಾತ ಇಟ್ಟ ಆ್ಯಂಗಲ್, ಅದೇ ಡೈ. ಮೇಲಿಂದ ಇಳಿಯುವ ದಪ್ಪ ಪಟ್ಟಿ, ಅದೇ ಪಂಚ್. ನಡುವೆ ತಗಡು ಇಟ್ಟು ಜ್ಯಾಕ್ ಹೊಡೆದರೆ ಬಗ್ಗುತ್ತದೆ.

ಇದು ಸುಳ್ಳಲ್ಲ. ಜೋಸೆಫ್ ಬ್ರಾಮಾ ಎಂಬಾತ 1795ರಲ್ಲೇ ಇಂಗ್ಲೆಂಡಿನಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದಿದ್ದ. ಸಣ್ಣ ಪಿಸ್ಟನ್ ಒತ್ತಿದಾಗ ಎಣ್ಣೆಯಲ್ಲಿ ಹುಟ್ಟುವ ಒತ್ತಡ ದೊಡ್ಡ ಪಿಸ್ಟನ್ನಿನ ಇಡೀ ಅಗಲದ ಮೇಲೂ ಬೀಳುತ್ತದೆ, ಆದ್ದರಿಂದ ಕೈಬಲ ಟನ್‌ಗಟ್ಟಲೆ ಬಲವಾಗುತ್ತದೆ. ಫ್ಯಾಕ್ಟರಿಯ ಬೆಂಡಿಂಗ್ ಮಷೀನೂ ನಡೆಯುವುದು ಇದೇ ತತ್ವದ ಮೇಲೆ. ಸುಳ್ಳಿರುವುದು "ಎಂಥ ಕಬ್ಬಿಣವಾದರೂ" ಎಂಬಲ್ಲಿ.

ತಗಡು ಬಗ್ಗಿಸಲು ಬೇಕಾದ ಬಲ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಲೋಹದ ಗಟ್ಟಿತನ, ದಪ್ಪ, ಬಗ್ಗಿಸುವ ಉದ್ದ, ಡೈ ಬಾಯಿಯ ಅಗಲ. ಉದ್ದ ಎರಡು ಪಟ್ಟಾದರೆ ಬಲವೂ ಎರಡು ಪಟ್ಟು. ಆದರೆ ಅದೇ ಡೈಯಲ್ಲಿ ದಪ್ಪ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು ಬೇಕು. ಬಾಯಿ ಅಗಲ ಮಾಡಿದಷ್ಟೂ ಬಲ ಕಡಿಮೆ ಸಾಕು, ಆದರೆ ಮೂಲೆ ಚೂಪಾಗಿ ಬರದೆ ದುಂಡಗಾಗುತ್ತದೆ. ಹಾಗಾಗಿ ತಗಡಿನ ದಪ್ಪದ ಎಂಟು ಪಟ್ಟು ಬಾಯಿ ಇಟ್ಟುಕೊಳ್ಳುವುದು ರೂಢಿ.

ಮಾವನಿಗೆ ಕೂತು ಲೆಕ್ಕ ಹಾಕಿ ಕಳಿಸಿದೆ. ಸಾಮಾನ್ಯ ಎಂಎಸ್ ಶೀಟ್, 3 ಮಿ.ಮೀ. ದಪ್ಪ, ಒಂದು ಅಡಿ ಅಂದರೆ ಸುಮಾರು 30 ಸೆಂ.ಮೀ. ಉದ್ದ, 24 ಮಿ.ಮೀ. ಬಾಯಿ: ಸುಮಾರು ಆರೂವರೆ ಟನ್ ಸಾಕು. 6 ಮಿ.ಮೀ. ಪ್ಲೇಟಿಗೆ 48 ಮಿ.ಮೀ. ಬಾಯಿ ಇಟ್ಟರೆ ಸುಮಾರು 13 ಟನ್. ಅದೇ ಪ್ಲೇಟನ್ನು ಹಳೆಯ 24 ಮಿ.ಮೀ. ಡೈಯಲ್ಲೇ ಬಗ್ಗಿಸುತ್ತೇನೆಂದರೆ 25 ಟನ್ ದಾಟುತ್ತದೆ. 10 ಮಿ.ಮೀ. ಪ್ಲೇಟಿಗೆ 80 ಮಿ.ಮೀ. ಬಾಯಿ ಇಟ್ಟರೂ 21 ಟನ್ ಬೇಕು. ಇವೆಲ್ಲ ಅಂದಾಜು. ಸ್ಟೇನ್‌ಲೆಸ್ ಸ್ಟೀಲ್ ಆದರೆ ಇನ್ನೂ ಹೆಚ್ಚು. ಅಂದರೆ 20 ಟನ್ ಪ್ರೆಸ್ ಒಂದಡಿಯ ಬ್ರಾಕೆಟ್ಟಿಗೆ ಧಾರಾಳ, ಗೇಟಿನ ಉದ್ದದ ಶೀಟಿಗೆ ಅಲ್ಲ.

ವಿಡಿಯೋ ಹೇಳದ ಇನ್ನೊಂದು ವಿಷಯ ಕೋನದ್ದು. ಲೋಹ ಬಗ್ಗಿದ ಮೇಲೆ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಹೊರಮೈ ಹಿಗ್ಗಿ, ಒಳಮೈ ಕುಗ್ಗಿ ಅಲ್ಲೇ ನಿಂತರೂ ನಡುವಿನ ಪದರ ಸ್ಪ್ರಿಂಗಿನಂತೆ ಮೊದಲಿನ ಜಾಗಕ್ಕೆ ಎಳೆಯುತ್ತದೆ. ಎಂಎಸ್‌ನಲ್ಲಿ ಇದು ಸಾಮಾನ್ಯವಾಗಿ ಒಂದೆರಡು ಡಿಗ್ರಿ, ಸ್ಟೇನ್‌ಲೆಸ್‌ನಲ್ಲಿ ಹೆಚ್ಚು. ಅಂಗಡಿಯ ಆ್ಯಂಗಲ್ ಒಳಗೆ ಇರುವುದೇ 90 ಡಿಗ್ರಿ. ತಗಡು ಅದರ ಗೋಡೆಗೆ ತಾಗಿದ ಮೇಲೆ ಇನ್ನೂ ಬಗ್ಗಲು ಜಾಗವಿಲ್ಲ, ಪ್ರೆಸ್ ಬಿಟ್ಟ ಕೂಡಲೇ 91, 92 ಆಗುತ್ತದೆ. ಗೋಡೆಗೊತ್ತಿ ಸರಿಮಾಡುತ್ತೇನೆಂದರೆ ಹಲವು ಪಟ್ಟು ಬಲ ಬೇಕು, ಆಗಲೇ ವೆಲ್ಡಿಂಗ್ ಬಿಡುವುದು. ಆ್ಯಂಗಲ್ ಬದಲು ಎರಡು ದಪ್ಪ ಸರಳುಗಳನ್ನು ಅಂತರ ಬಿಟ್ಟು ಗಟ್ಟಿ ಬೇಸಿಗೆ ಬೆಸೆದರೆ ತಗಡನ್ನು 88 ಡಿಗ್ರಿಯವರೆಗೂ ಒತ್ತಬಹುದು, ಬಿಟ್ಟಾಗ 90ಕ್ಕೆ ಬಂದು ನಿಲ್ಲುತ್ತದೆ.

ಪಂಚ್ ಎಷ್ಟು ದಪ್ಪ ಇರಬೇಕು? ನಮ್ಮ ಪ್ರೆಸ್ ಒತ್ತುವುದು ನಡುವಿನ ಒಂದೇ ಜಾಗದಲ್ಲಿ. ಪಟ್ಟಿ ತೆಳುವಾದರೆ ತಾನೇ ಬಾಗುತ್ತದೆ, ತಗಡು ನಡುವೆ ಚೆನ್ನಾಗಿ ಮಡಚಿ ತುದಿಗಳಲ್ಲಿ ತೆರೆದುಕೊಂಡಿರುತ್ತದೆ. ತಮಾಷೆಯೆಂದರೆ ಫ್ಯಾಕ್ಟರಿ ಮಷೀನಿನ ತಲೆನೋವು ಇದರ ಉಲ್ಟಾ. ಅಲ್ಲಿ ಎರಡು ತುದಿಗಳಲ್ಲಿ ಸಿಲಿಂಡರ್ ಇರುವುದರಿಂದ ನಡುಭಾಗವೇ ಕಡಿಮೆ ಬಗ್ಗುತ್ತದೆ, ಅದಕ್ಕೆಂದೇ ನಡುವೆ ಸ್ವಲ್ಪ ಉಬ್ಬಿಸುವ ಏರ್ಪಾಡು ಮಾಡಿರುತ್ತಾರೆ.

ಈಗ ಅಪಾಯದ ಮಾತು. ಕೆಲವರು ಹಳೆಯ ಅರವನ್ನು ಪಂಚ್ ಮಾಡಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಅರ ಬಗ್ಗುವ ಉಕ್ಕಲ್ಲ, ಒಡೆಯುವ ಉಕ್ಕು. ಟನ್‌ಗಟ್ಟಲೆ ಒತ್ತಡದಲ್ಲಿ ಒಡೆದರೆ ಚೂರು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು, ಕಣ್ಣು ಹೋಗಲು ಒಂದು ಚೂರು ಸಾಕು. ಲಾರಿಯ ಕಮಾನು ಪಟ್ಟಿಯನ್ನು ತಣ್ಣಗೆ ಬಗ್ಗಿಸುವುದೂ ಇದೇ ಜಾತಿಯ ಸಾಹಸ. ಪಂಚ್ ಓರೆಯಾಗಿ ಇಳಿದರೆ ಪಕ್ಕಕ್ಕೆ ಸಿಡಿಯಬಹುದು, ಆದ್ದರಿಂದ ಎರಡೂ ಬದಿ ಗೈಡ್ ಇರಲೇಬೇಕು. ಬಗ್ಗುವಾಗ ತಗಡಿನ ರೆಕ್ಕೆಗಳು ಮೇಲೇಳುತ್ತವೆ, ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ. ಹೈಡ್ರಾಲಿಕ್ ನಿಧಾನ, ಸದ್ದೂ ಇಲ್ಲ. ಹಾಗಾಗಿ ಭಯವೇ ಆಗುವುದಿಲ್ಲ.

ಗೈಡಿಗೆ ಜಿಐ ಪೈಪ್ ಬಳಸುವವರಿಗೆ ಒಂದು ಮಾತು. ಜಿಐ ಮೇಲಿನ ಸತುವನ್ನು ಉಜ್ಜಿ ತೆಗೆಯದೆ ವೆಲ್ಡ್ ಮಾಡಿದರೆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ, ಮೈಕೈ ನೋವು ಬರಬಹುದು. "ಹಾಲು ಕುಡಿದರೆ ಏನಾಗಲ್ಲ" ಎಂಬ ಮಾತು ವೆಲ್ಡಿಂಗ್ ಅಂಗಡಿಗಳಲ್ಲಿ ಬಹಳ ಹಳೆಯದು. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೇಕಾಗಿರುವುದು ಬಯಲು ಗಾಳಿ ಮತ್ತು ಸರಿಯಾದ ಮಾಸ್ಕ್.

ಮಾವ ಕೊನೆಗೂ ಮಾಡಿದರು. ಒಂದಡಿ ಅಗಲದ್ದು, ಎರಡು ಸರಳುಗಳ ಡೈ, ಗೈಡ್ ಸಮೇತ. ಪ್ರೆಸ್ಸಿನ ಕಂಬದ ಮೇಲೆ ಬಿಳಿ ಪೇಂಟಿನಲ್ಲಿ "3 ಎಂಎಂ ಮಾತ್ರ" ಎಂದು ಬರೆದಿದ್ದಾರೆ. ಮೊದಲ ತುಂಡು 93 ಡಿಗ್ರಿ ಬಂತಂತೆ, ನಾಲ್ಕನೆಯದು ಸರಿಯಾಯಿತಂತೆ. ಫೋಟೋದಲ್ಲಿ ಕನ್ನಡಕ ಹಣೆಯ ಮೇಲಿತ್ತು. ಫೋನ್ ಮಾಡಿ ಬೈದೆ.