ಗುಳ್ಳ ಮಟ್ಟುವಿನದು, ಬೀಜ ಯಾರದು?

ಉಡುಪಿ ಸೀಮೆಯಲ್ಲಿ ಗುಳ್ಳ ಎಂದರೆ ಬರಿಯ ಬದನೆಯಲ್ಲ. ಕಟಪಾಡಿಯ ಪಶ್ಚಿಮಕ್ಕೆ, ಕಡಲಿಗೂ ಹೊಳೆಗೂ ನಡುವೆ ಇರುವ ಮಟ್ಟುವಿನ ಮರಳು ಮಿಶ್ರಿತ ಗದ್ದೆಗಳಲ್ಲಿ ಮಳೆಗಾಲದ ಭತ್ತದ ಕೊಯ್ಲಿನ ನಂತರ ಬೆಳೆಯುವ ಕಾಯಿ ಇದು. ದುಂಡಗಿನ ಆಕಾರ, ತಿಳಿಹಸಿರು ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ಕಹಿಯಿಲ್ಲ. ಸೋದೆ ಮಠದ ವಾದಿರಾಜ ಸ್ವಾಮಿಗಳೇ ಇದರ ಬೀಜ ಕೊಟ್ಟರೆಂಬುದು ಊರಿನ ನಂಬಿಕೆ. ಪರ್ಯಾಯದ ಊಟಕ್ಕೆ ಗುಳ್ಳದ ಹುಳಿ ಇರಲೇಬೇಕು.

ಈ ಪುಟ್ಟ ಊರಿನ ಕಾಯಿಯನ್ನು ದೊಡ್ಡ ದೇಶದ ಮೂರು ಬಗೆಯ ಕಾನೂನುಗಳು ಮುಟ್ಟಿವೆ. ಮೂರೂ ಕಾಯುವುದು ಬೇರೆ ಬೇರೆ ವಸ್ತುವನ್ನು.

ಮೊದಲನೆಯದು ಸುರಕ್ಷತೆಯದು. ಬದನೆಗೆ ದೊಡ್ಡ ಶತ್ರು ಕಾಯಿಕೊರಕ ಹುಳು. ಅದನ್ನು ತಡೆಯಲು ರೈತರು ಮತ್ತೆ ಮತ್ತೆ ಕೀಟನಾಶಕ ಸಿಂಪಡಿಸಬೇಕಾಗುತ್ತದೆ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಬದನೆಗೆ ಸೇರಿಸಿದರೆ ಗಿಡವೇ ಹುಳುವನ್ನು ಕೊಲ್ಲುತ್ತದೆ. ಇದೇ ಬಿ.ಟಿ. ಬದನೆ. ಮಹಿಕೋ ಕಂಪೆನಿಯ ಈ ತಂತ್ರಜ್ಞಾನವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಳೀಯ ತಳಿಗಳಿಗೆ ಅಳವಡಿಸಿತು. ಆ ಪಟ್ಟಿಯಲ್ಲಿ ಉಡುಪಿಯ ಗುಳ್ಳವೂ ಇತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಬಿ.ಟಿ. ಬದನೆಗೆ ಒಪ್ಪಿಗೆ ಕೊಟ್ಟಿತು. ವಿರೋಧ ಎದ್ದಿತು. ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಅಹವಾಲು ಆಲಿಸಿ, 2010ರ ಫೆಬ್ರುವರಿ 9ರಂದು ವಾಣಿಜ್ಯ ಕೃಷಿಗೆ ತಡೆ ಹಾಕಿದರು. ನೆರೆಯ ಬಾಂಗ್ಲಾದೇಶ ಮಾತ್ರ ಇದೇ ತಂತ್ರಜ್ಞಾನವನ್ನು ತನ್ನ ತಳಿಗಳಲ್ಲಿ ಒಪ್ಪಿ, 2014ರಿಂದ ರೈತರಿಗೆ ಬೆಳೆಯಲು ಕೊಟ್ಟಿತು.

ಆದರೆ ಮಟ್ಟುವಿನವರಿಗೆ ಇನ್ನೊಂದು ಪ್ರಶ್ನೆ ಉಳಿಯಿತು: ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡು ಬಂದ ಬೀಜವನ್ನು ಯಾರು ಯಾರನ್ನು ಕೇಳಿ ಒಯ್ದರು? ಇದು ಎರಡನೆಯ ಕಾನೂನಿನ ಕ್ಷೇತ್ರ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಆಗ ವಿದೇಶಿ ಪಾಲುಳ್ಳ ಸಂಸ್ಥೆ ಇಂಥ ಸಂಪತ್ತನ್ನು ಬಳಸಲು ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಪಡೆಯಬೇಕಿತ್ತು. ಅನುಮತಿ ಇಲ್ಲದೆ ಸ್ಥಳೀಯ ತಳಿಗಳನ್ನು ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. 2012ರಲ್ಲಿ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಬೀಜದ ಮೇಲೆ ರೈತರಿಗೂ ಒಂದು ಮಾತು ಇದೆ ಎಂಬುದು ಆಗ ಚರ್ಚೆಗೆ ಬಂತು.

ಮೂರನೆಯದು ಹೆಸರಿನದು. 2011ರಲ್ಲಿ ‘ಉಡುಪಿ ಮಟ್ಟುಗುಳ್ಳ’ಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬೇರೆಲ್ಲೋ ಬೆಳೆದ ದುಂಡುಬದನೆಯನ್ನು ಈ ಹೆಸರಿನಲ್ಲಿ ಮಾರುವುದು ಈಗ ಕಾನೂನಿಗೆ ವಿರುದ್ಧ. ಹಾಗೆಂದು ಇದು ಬೀಜಕ್ಕೆ ಬೇಲಿಯಲ್ಲ. ಇದೇ ಬೀಜವನ್ನು ಬೇರೆ ಊರಿನವರು ಬಿತ್ತಿ ಬರಿಯ ‘ಬದನೆ’ ಎಂದು ಮಾರಿದರೆ ಈ ಕಾಯ್ದೆಗೆ ಅಲ್ಲಿ ಕೆಲಸವಿಲ್ಲ.

ಒಂದು ಕಾನೂನು ತಿನ್ನುವವರ ಆರೋಗ್ಯವನ್ನು ನೋಡುತ್ತದೆ, ಇನ್ನೊಂದು ಬೀಜದ ಪ್ರಯಾಣವನ್ನು, ಮತ್ತೊಂದು ಹೆಸರನ್ನು. ಗುಳ್ಳ ಬೆಳೆಯುವ ಗದ್ದೆಯನ್ನೂ ಅದರಲ್ಲಿ ದುಡಿಯುವ ಮನಸ್ಸನ್ನೂ ಇವುಗಳಲ್ಲಿ ಯಾವುದೂ ಉಳಿಸಿಕೊಡದು. ಅದಕ್ಕೆ ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಗಬೇಕು. ಸಂತೆಯಲ್ಲಿ ‘ಇದು ಮಟ್ಟುವಿನದೇ?’ ಎಂದು ಕೇಳಿ ಕೊಳ್ಳುವ ಗಿರಾಕಿಯೂ ಇರಬೇಕು.